ಸುಶೀಲ ಆರಿಸಿದ ಬೆಳಕು

ಮೊನ್ನೆ ಬೆಳಿಗ್ಗೆ ಕೊರಿಯರ್‌ನವನು ಮೇಲಿನ ಮನೆಯವರ ಪಾರ್ಸೆಲ್ಲನ್ನು ನಮ್ಮ ಬಾಗಿಲಲ್ಲಿ ಇಟ್ಟು ಹೋದ. ನೆಲಮಹಡಿಯಲ್ಲಿರುವವರಿಗೆ ಇದೆಲ್ಲ ಅಭ್ಯಾಸವೇ. ಮೇಲಿನವರ ಹಾಲು, ಪೇಪರು, ಗ್ಯಾಸ್ ಸಿಲಿಂಡರು, ಮದುವೆ ಪತ್ರಿಕೆ ಎಲ್ಲಕ್ಕೂ ನಾವು ದಾರಿ ಬದಿಯ ಛತ್ರ ಇದ್ದ ಹಾಗೆ. ಎತ್ತಿ ಮೆಟ್ಟಿಲ ಮೇಲಿಡೋಣ ಅಂತ ಬಗ್ಗಿದೆ. ರಟ್ಟಿನ ಡಬ್ಬದ ಮೇಲೊಂದು ಚಿತ್ರ. ಮೇಜು, ಮೇಜಿನ ಮೇಲೆ ಕುಂಡದಲ್ಲಿ ಸೊಪ್ಪು, ಅದರ ಮೇಲೆ ಕೊಕ್ಕರೆಯ ಕತ್ತಿನ ಹಾಗೆ ಬಾಗಿದ ದೀಪ, ದೀಪದಿಂದ ಸುರಿಯುವ ನೇರಳೆ ಬೆಳಕು. ಬಗ್ಗಿದವನು ಹಾಗೇ ಸ್ವಲ್ಪ ಹೊತ್ತು ನಿಂತುಬಿಟ್ಟೆ.

ಅಷ್ಟರಲ್ಲಿ ಮೇಲಿನ ಮನೆಯ ಹುಡುಗಿಯೇ ಇಳಿದು ಬಂದಳು. ನಾಗರಬಾವಿಯ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ, ಬಾಡಿಗೆಗೆ ಬಂದು ಇನ್ನೂ ವರ್ಷ ಆಗಿಲ್ಲ.

"ಅಯ್ಯೋ ಅಂಕಲ್, ಮತ್ತೆ ನಿಮ್ಮಲ್ಲೇ ಇಟ್ಟು ಹೋದ್ನಾ? ಗ್ರೋ ಲೈಟ್ ಅದು. ಬಾಲ್ಕನಿಗೆ ಬಿಸಿಲೇ ಬರಲ್ಲ ನೋಡಿ, ಪುದೀನ ಎಲ್ಲ ಸೊರಗಿ ಹೋಗ್ತಿದೆ. ನಿಮ್ಮನೇಲೂ ಇದೆಯಂತಲ್ಲ? ಈ ನೇರಳೆ ಬಣ್ಣದ್ದು ಒಳ್ಳೇದಾ, ಬಿಳೀದು ಒಳ್ಳೇದಾ?"

"ಅದು ದೊಡ್ಡ ಕಥೆ ಕಣಮ್ಮ" ಅಂದೆ.

ಅವಳಿಗೆ ಕಾಲೇಜಿಗೆ ಹೊತ್ತಾಗಿತ್ತು. ಡಬ್ಬ ಎತ್ತಿಕೊಂಡು ಓಡಿದಳು. ಕಥೆ ನನ್ನಲ್ಲೇ ಉಳಿಯಿತು. ನಿಮಗೆ ಪುರುಸೊತ್ತಿದ್ದರೆ ಕೂತುಕೊಳ್ಳಿ, ನಿಮಗೆ ಹೇಳುತ್ತೇನೆ.

ಬೆಳಕಿನ ವಿಚಾರದಲ್ಲಿ ನನಗೊಂದು ಜಂಬ ಇತ್ತು. ರಾಜಾಜಿನಗರದ ಒಂದು ಆಫ್‌ಸೆಟ್ ಪ್ರೆಸ್ಸಿನಲ್ಲಿ ಮೆಷಿನ್ ಓಡಿಸಿಕೊಂಡೇ ನನ್ನ ತಲೆ ಬೆಳ್ಳಗಾದದ್ದು. ಕ್ಯಾಲೆಂಡರು, ಮದುವೆ ಪತ್ರಿಕೆ, ಊದುಬತ್ತಿ ಪ್ಯಾಕೆಟ್ಟು, ಇವೇ ನಮ್ಮ ಸಾಹಿತ್ಯ. ಹಳದಿ, ನೀಲಿ, ಕೆಂಪು, ಕಪ್ಪು ಅಂತ ಇರುವ ನಾಲ್ಕೇ ಇಂಕಿನಲ್ಲಿ ಲಕ್ಷ್ಮಿಯ ಸೀರೆಯೂ ಆಗಬೇಕು, ಬಾಳೆಕಂದೂ ಆಗಬೇಕು. ಹಾಳೆ ಮೆಷಿನ್ನಿಂದ ಬಿದ್ದ ಕೂಡಲೇ ನಾನು ಅದನ್ನು ಒಳಗೆ ನೋಡುತ್ತಿರಲಿಲ್ಲ, ಬಾಗಿಲಾಚೆ ಬಿಸಿಲಿಗೆ ತಂದು ಹಿಡಿಯುತ್ತಿದ್ದೆ. "ಟ್ಯೂಬ್‌ಲೈಟು ಸುಳ್ಳು ಹೇಳುತ್ತೆ ಕಣ್ರಪ್ಪ, ಬಿಸಿಲು ಹೇಳಲ್ಲ" ಅಂತ ಹೊಸದಾಗಿ ಕೆಲಸಕ್ಕೆ ಬಂದವರಿಗೆಲ್ಲ ಉಪದೇಶ ಬೇರೆ. ಹಸಿರಿನಲ್ಲಿ ಒಂದು ಕೂದಲೆಳೆಯಷ್ಟು ಹಳದಿ ಹೆಚ್ಚಾದರೂ ನನ್ನ ಕಣ್ಣಿಗೆ ಗೊತ್ತಾಗುತ್ತಿತ್ತು. ಮನೆಯಲ್ಲಿ ಹೆಂಡತಿ ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಂಡು ಓಡಾಡತೊಡಗಿದಾಗ ಮಾತ್ರ ಗೊತ್ತಾಗಲಿಲ್ಲ. "ಬಾಗಿಲು ಚಿಕ್ಕದಾಯ್ತೋ, ನೀನು ದಪ್ಪ ಆದ್ಯೋ?" ಅಂತ ನಾನು ನಗುತ್ತಿದ್ದೆ. ಅವಳೂ ನಗುತ್ತಿದ್ದಳು.

ನನ್ನ ಹೆಂಡತಿ ಸುಶೀಲ. ತವರು ಬ್ಯಾಡರಹಳ್ಳಿ. ಈಗ ಅಲ್ಲಿಗೆ ಹೋದರೆ ಯಾವ ರಸ್ತೆ ಎಲ್ಲಿಗೆ ಹೋಗುತ್ತದೆ ಅಂತ ಅವಳಿಗೇ ತಿಳಿಯುವುದಿಲ್ಲ. ಅವಳು ಚಿಕ್ಕವಳಿದ್ದಾಗ ಅದೆಲ್ಲ ರಾಗಿ ಹೊಲ, ನಡುನಡುವೆ ಅವರೆ ಸಾಲು. ಮದುವೆಯಾಗಿ ಬಸವೇಶ್ವರನಗರದ ಈ ಮೂವತ್ತು-ನಲವತ್ತರ ಸೈಟಿನ ಮನೆಗೆ ಬಂದಾಗ ಮಣ್ಣು ಎಲ್ಲಿದೆ ಅಂತ ಹುಡುಕಿದಳಂತೆ. ಕಾಂಪೌಂಡಿನೊಳಗೆ ಒಂದು ಅಂಗೈ ಅಗಲ ಮಣ್ಣೂ ಇರಲಿಲ್ಲ, ಎಲ್ಲ ಸಿಮೆಂಟು. ಅವತ್ತಿನಿಂದ ಅವಳ ಹೊಲ ಟೆರೇಸಿನ ಮೇಲೆ. ಒಡೆದ ಬಕೆಟ್ಟು, ಪೇಂಟ್ ಡಬ್ಬ, ಹಳೇ ಕುಕ್ಕರು, ಯಾವುದಕ್ಕೆ ತಳ ಇದೆಯೋ ಅದರಲ್ಲೆಲ್ಲ ಗಿಡ. ದೊಡ್ಡಪತ್ರೆ, ಪುದೀನ, ತುಳಸಿ, ಬಸಳೆ, ಒಂದು ವೀಳ್ಯದೆಲೆ ಬಳ್ಳಿ. ಹೂವಿನ ಗಿಡ ಬೆಳೆಸುವವರನ್ನು ಕಂಡರೆ ಅವಳಿಗೆ ಸ್ವಲ್ಪ ತಾತ್ಸಾರ. "ಹೂವು ಒಂದಿನದ ನೆಂಟ. ಎಲೆ ಮನೆ ಮಗ" ಅನ್ನುತ್ತಿದ್ದಳು.

ಒಂದು ಬೆಳಿಗ್ಗೆ ಟೆರೇಸಿನಿಂದ ಇಳಿಯುವಾಗ ಮೆಟ್ಟಿಲು ತಪ್ಪಿ ಬಿದ್ದಳು. ಮೂಳೆ ಮುರಿಯಲಿಲ್ಲ. ಆದರೆ ನಮ್ಮ ಮಗಳು ಚೈತ್ರ ಬಿಡಲಿಲ್ಲ. "ಅಮ್ಮ, ನೀನು ಸುಮ್ನೆ ಎಡವಿ ಬೀಳೋಳಲ್ಲ, ಕಣ್ಣು ತೋರಿಸೋಣ" ಅಂತ ಕಾರಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿ ಒಂದು ಗುಮ್ಮಟದಂಥ ಯಂತ್ರದ ಮುಂದೆ ಸುಶೀಲಳನ್ನು ಕೂರಿಸಿದರು. ಚುಕ್ಕಿ ಬೆಳಕು ಕಂಡಾಗಲೆಲ್ಲ ಗುಂಡಿ ಒತ್ತಬೇಕು. ನಾನು ಹಿಂದೆ ನಿಂತಿದ್ದೆ. ಅವಳ ಕೈ ಸುಮ್ಮನಿತ್ತು. ಎಷ್ಟೋ ಹೊತ್ತು ಸುಮ್ಮನಿತ್ತು.

ಡಾಕ್ಟರಮ್ಮ ಒಳ್ಳೆಯವರು, ಸುತ್ತಿ ಬಳಸಿ ಹೇಳಲಿಲ್ಲ. "ಗ್ಲಾಕೋಮಾ ಅಂತ. ಕಣ್ಣಿನೊಳಗೆ ಒತ್ತಡ ಜಾಸ್ತಿಯಾಗಿ ನರ ಸಾಯುತ್ತೆ. ನೋವಿರಲ್ಲ, ಅದಕ್ಕೇ ಗೊತ್ತಾಗಲ್ಲ. ಪಕ್ಕದ ನೋಟ ಆಗಲೇ ಹೋಗಿದೆ. ಹೋಗಿರೋದು ವಾಪಸ್ ಬರಲ್ಲಮ್ಮ. ಉಳಿದಿರೋದನ್ನ ಎಷ್ಟಾಗುತ್ತೋ ಅಷ್ಟು ಉಳಿಸ್ಕೊಳ್ಳೋಣ."

ಸುಶೀಲ ಕೇಳಿದ್ದು ಒಂದೇ ಮಾತು: "ಟೆರೇಸಿಗೆ ಹೋಗ್ಬಹುದಾ?"

ಹೋಗುವಂತಿರಲಿಲ್ಲ. ನಮ್ಮ ಮೆಟ್ಟಿಲು ಹಳೇ ಕಾಲದ್ದು, ಕಡಿದಾದದ್ದು, ಕಟಕಟೆಯೂ ಸರಿಯಿಲ್ಲ. ಅವಳು ಹೋಗದಿದ್ದ ಮೇಲೆ ಗಿಡಗಳೇ ಇಳಿದು ಬಂದವು. ಒಂದೊಂದಾಗಿ ನಾನೇ ಹೊತ್ತು ತಂದು ಹಾಲಿನಲ್ಲಿ ಕಿಟಕಿಯ ಪಕ್ಕ ಜೋಡಿಸಿದೆ. ಸೋಫಾ ಗೋಡೆಗೆ ಸರಿಯಿತು, ಟಿ.ವಿ. ಬೆಡ್‌ರೂಮಿಗೆ ಹೋಯಿತು. ಬಂದವರು ಕೂರುವುದೆಲ್ಲಿ ಅಂತ ಚೈತ್ರ ಕೇಳಿದಳು. ಬರುವವರು ಅಷ್ಟೇನೂ ಇರಲಿಲ್ಲ ಬಿಡಿ.

ಆದರೆ ನಮ್ಮ ಹಾಲಿನ ಕಿಟಕಿ ಅಂದರೆ ಏನು? ಆಚೆ ಮೂರು ಹೆಜ್ಜೆಗೆ ಕಾಂಪೌಂಡು, ಕಾಂಪೌಂಡಿಗೆ ಒತ್ತಿಕೊಂಡು ಪಕ್ಕದವರ ನಾಲ್ಕು ಮಹಡಿ. ಬಿಸಿಲು ನಮ್ಮ ಕಿಟಕಿಗೆ ಬರುತ್ತಿದ್ದದ್ದು ಬಾಡಿಗೆ ಕೇಳಲು ಬಂದ ಹೊಸಬರ ಹಾಗೆ, ಇಣುಕಿ ನೋಡಿ ಹೋಗಿಬಿಡುತ್ತಿತ್ತು. ಗಿಡಗಳು ವಿಚಿತ್ರವಾಗಿ ಬೆಳೆಯತೊಡಗಿದವು. ಪುದೀನ ಉದ್ದುದ್ದ ಹೋಗಿ ಬಳುಕಿ ನೆಲಕ್ಕೆ ಬಿತ್ತು. ತುಳಸಿ ಕಿಟಕಿಯ ಕಡೆಗೆ ಪೂರ್ತಿ ವಾಲಿಕೊಂಡಿತು. ನನಗೆ ಖುಷಿ. "ನೋಡೇ, ಎಷ್ಟುದ್ದ ಬೆಳೀತಿದಾವೆ!"

ಸುಶೀಲ ಕಾಂಡದ ಮೇಲೆ ಬೆರಳಾಡಿಸಿದಳು. ಒಂದು ಗಿಣ್ಣಿನಿಂದ ಇನ್ನೊಂದು ಗಿಣ್ಣಿಗೆ ಬೆರಳು ಸರಿಸುತ್ತ, "ಇದು ಬೆಳೆಯೋದಲ್ಲ ಕಣ್ರೀ. ಬೆಳಕು ಎಲ್ಲಿದೆ ಅಂತ ಹುಡುಕ್ಕೊಂಡು ಓಡ್ತಿರೋದು. ಗಿಣ್ಣು ಗಿಣ್ಣು ಹತ್ರ ಹತ್ರ ಇರ್ಬೇಕು. ಆಗ ಗಿಡಕ್ಕೆ ನೆಮ್ಮದಿ ಅಂತ ಅರ್ಥ" ಅಂದಳು.

ಹೀಗೆ ನಾನು ದೀಪದ ಹುಡುಕಾಟಕ್ಕೆ ಇಳಿದೆ. ಮೊಬೈಲಿನಲ್ಲಿ ಓದತೊಡಗಿದರೆ ಅದೇ ಒಂದು ಸಮುದ್ರ. ಗಿಡದ ಬಾಳಿನಲ್ಲಿ ಹೂ ಬಿಡುವುದಕ್ಕೆ ಮುಂಚೆ ಬರೀ ಕಾಂಡ, ಎಲೆ, ಬೇರು ಬೆಳೆಸಿಕೊಳ್ಳುವ ಒಂದು ಪ್ರಾಯ ಇರುತ್ತದಂತೆ. ಅದಕ್ಕೆ ವೆಜಿಟೇಟಿವ್ ಸ್ಟೇಜ್ ಅಂತ ಹೆಸರು. ಗಟ್ಟಿಯಾಗಿ ಓದಿದೆ.

"ವೆಜಿಟೇರಿಯನ್ನಾ?" ಅಂದಳು ಅಡಿಗೆಮನೆಯಿಂದ.

"ವೆಜಿಟೇಟಿವ್ ಕಣೇ. ಆಗ ನೀಲಿ ಬೆಳಕು ಜಾಸ್ತಿ ಬೇಕಂತೆ, ಗಿಡ ಗಿಡ್ಡಕ್ಕೆ ಗಟ್ಟಿಯಾಗುತ್ತಂತೆ. ಹೂ ಬಿಡೋವಾಗ ಕೆಂಪು."

"ಅಂದ್ರೆ ಹೈಸ್ಕೂಲ್ ಹುಡುಗರ ಥರ. ಬರೀ ತಿನ್ನೋದು, ಬೆಳೆಯೋದು" ಅಂತ ಅವಳೇ ಭಾಷಾಂತರ ಮಾಡಿಕೊಂಡಳು. ನಮ್ಮ ಮನೆಯ ಗಿಡಗಳು ಯಾವತ್ತೂ ಆ ಪ್ರಾಯ ದಾಟುತ್ತಿರಲಿಲ್ಲ. ತುಳಸಿ ಕದಿರು ಬಿಟ್ಟರೆ ಅವಳೇ ಚಿವುಟಿ ಹಾಕುತ್ತಿದ್ದಳು.

ಎಲೆ ಕೆಂಪು ಬೆಳಕನ್ನೂ ನೀಲಿ ಬೆಳಕನ್ನೂ ಕುಡಿಯುತ್ತದೆ, ಹಸಿರನ್ನು ಅಷ್ಟಾಗಿ ಕುಡಿಯುವುದಿಲ್ಲ, ಉಗುಳುತ್ತದೆ, ಅದಕ್ಕೇ ನಮಗೆ ಎಲೆ ಹಸಿರಾಗಿ ಕಾಣುವುದು ಅಂತ ಓದಿದಾಗ ನನಗೆ ಪ್ರೆಸ್ಸಿನ ದಿನಗಳೇ ವಾಪಸ್ಸು ಬಂದ ಹಾಗಾಯಿತು. ಇಂಕೂ ಹೀಗೇ ಅಲ್ಲವೇ! ಹಾಗಿದ್ದ ಮೇಲೆ ಕೆಂಪು, ನೀಲಿ ಎರಡೇ ಸಾಕು, ಹಸಿರಿಗೆ ಯಾಕೆ ಕರೆಂಟು ದಂಡ ಅಂತ ಲೆಕ್ಕ ಹಾಕಿ, ಯಾರನ್ನೂ ಕೇಳದೆ, ನೇರಳೆ ಬೆಳಕಿನ ಒಂದು ಪ್ಯಾನೆಲ್ ತರಿಸಿದೆ. ಕೊಕ್ಕೆ ಹಾಕಿ ಸೂರಿನಿಂದ ಇಳಿಬಿಟ್ಟು ಸ್ವಿಚ್ ಒತ್ತಿದೆ.

ನಮ್ಮ ಹಾಲು ಬಣ್ಣದ ಲೈಟಿನ ವಿಡಿಯೋ ಕೋಚ್ ಬಸ್ಸಿನ ಹಾಗಾಯಿತು. ಸಂಜೆ ರಸ್ತೆಯಲ್ಲಿ ಹೋಗುವವರು ಪಕ್ಕದ ಸಂದಿಯಿಂದ ಹೊರಬೀಳುವ ಬೆಳಕಿನ ಕಡೆ ಕತ್ತು ತಿರುಗಿಸಿ ನೋಡುತ್ತಿದ್ದರು. "ಏನ್ ಅಂಕಲ್, ಮನೇಲೇ ಪಬ್ ಓಪನ್ ಮಾಡ್ಬಿಟ್ರಾ?" ಅಂತ ಎದುರು ಮನೆಯವನು ಗೇಟಿನಲ್ಲಿ ನಿಂತು ಕೇಳಿದ. ನನಗೇನು, ವಿಜ್ಞಾನ ನನ್ನ ಪಕ್ಷ. ಗಿಡಗಳೂ ನನ್ನ ಪಕ್ಷವೇ, ಹೊಸ ಚಿಗುರು ಗಿಡ್ಡಕ್ಕೆ, ದಪ್ಪಕ್ಕೆ ಬರತೊಡಗಿತು. ಬೀಗುತ್ತ ಓಡಾಡಿದೆ.

ಸುಶೀಲ ಮಾತ್ರ ದಿನದಿನಕ್ಕೆ ಮೌನವಾದಳು. ಗಿಡದ ಹತ್ತಿರ ಬರುವಳು, ಸ್ವಲ್ಪ ಹೊತ್ತು ನಿಲ್ಲುವಳು, ಹೋಗುವಳು. ಕೊನೆಗೊಂದು ದಿನ, "ರೀ, ಎಲೆ ಎಲ್ಲಾ ಕಪ್ಪಗೆ ಕಾಣ್ತವೆ. ನನ್ನ ಕಣ್ಣು ಇನ್ನೂ ಹೋಯ್ತಾ?" ಅಂದಳು.

ಓಡಿ ಬಂದು ನಾನೂ ಎಲೆಯ ಹತ್ತಿರ ಬಗ್ಗಿ ನೋಡಿದೆ. ಆಮೇಲೆ ಹೊಳೆಯಿತು. ಹೋಗಿದ್ದು ಅವಳ ಕಣ್ಣಲ್ಲ. ಹಸಿರು ಇಲ್ಲದ ಬೆಳಕಿನಲ್ಲಿ ಹಸಿರು ಎಲೆ ಕಪ್ಪಾಗದೆ ಇನ್ನೇನಾಗುತ್ತದೆ? ನನಗೂ ಕಪ್ಪಗೇ ಕಾಣುತ್ತಿತ್ತು. "ಇಲ್ಲ ಕಣೇ, ನಂಗೂ ಹಾಗೇ ಕಾಣೋದು, ಲೈಟೇ ಹಂಗೆ" ಅಂತ ಅವಳ ಕೈ ಹಿಡಿದುಕೊಂಡು ಹೇಳಿದೆ. ಅವಳು ನಂಬದೆ ಮತ್ತೆ ಮತ್ತೆ ಕೇಳಿದಳು. ಗಿಡಕ್ಕೆ ಯಾವ ಬೆಳಕು ಬೇಕು ಅಂತ ಅಷ್ಟೆಲ್ಲ ಓದಿದ್ದೆನಲ್ಲ, ಗಿಡ ನೋಡುವವಳಿಗೆ ಯಾವ ಬೆಳಕು ಬೇಕು ಅಂತ ಎಲ್ಲೂ ಬರೆದಿರಲಿಲ್ಲ.

ಮಾರನೆಯ ದಿನವೇ ಅವಳನ್ನು ಕರೆದುಕೊಂಡು ಮಾಗಡಿ ರೋಡಿನ ಒಂದು ಎಲೆಕ್ಟ್ರಿಕಲ್ ಅಂಗಡಿಗೆ ಹೋದೆ. ನನ್ನ ಮೊಳಕೈ ಹಿಡಿದು ಬಂದಳು. ರಸ್ತೆಯಲ್ಲಿ ಅವಳು ನನ್ನನ್ನು ಹಾಗೆ ಹಿಡಿದುಕೊಂಡು ನಡೆದದ್ದು ಅದೇ ಮೊದಲು. ಹೊಸದಾಗಿ ಮದುವೆಯಾದಾಗಲೂ ಹಿಡಿದವಳಲ್ಲ, ನಾಲ್ಕು ಹೆಜ್ಜೆ ಹಿಂದೆಯೇ. ಅಂಗಡಿಯವನು ಉತ್ಸಾಹದ ಮನುಷ್ಯ. ಗಿಡಕ್ಕೆ ಅಂತ ಕೇಳುವ ಗಿರಾಕಿಗಳು ಈಚೆಗೆ ಜಾಸ್ತಿಯಾಗಿದ್ದಾರಂತೆ. ಒಂದೊಂದೇ ದೀಪ ಹಾಕಿ ತೋರಿಸಿದ. ಇದು ಹಳದಿ ಛಾಯೆ, ಹೂವಿನ ಗಿಡಕ್ಕೆ. ಇದು ತಂಪು ಬಿಳಿ, ನೀಲಿ ಅಂಶ ಹೆಚ್ಚು, ಸೊಪ್ಪಿಗೆ ಇದು. ಇದು ಫುಲ್ ಸ್ಪೆಕ್ಟ್ರಮ್, ಹೆಚ್ಚುಕಮ್ಮಿ ಬಿಸಿಲಿದ್ದ ಹಾಗೇ. ನಾನು ಡಬ್ಬ ತಿರುಗಿಸಿ ವ್ಯಾಟು, ಬೆಳಕಿನ ಬಣ್ಣ ಅಳೆಯುವ ಕೆಲ್ವಿನ್ನು ಅಂತ ಓದುತ್ತಿದ್ದೆ. ಸುಶೀಲ ಯಾವ ಡಬ್ಬವನ್ನೂ ಮುಟ್ಟಲಿಲ್ಲ. ಒಂದೊಂದು ದೀಪ ಹತ್ತಿದಾಗಲೂ ಅದರ ಕೆಳಗೆ ಅಂಗೈ ಚಾಚುವಳು, ಅಂಗೈಯನ್ನು ಮುಖದ ಹತ್ತಿರ ತಂದು ನೋಡುವಳು, ಬೇಡ ಅಂತ ತಲೆ ಆಡಿಸುವಳು. ಒಂದು ದೀಪದ ಕೆಳಗೆ ಮಾತ್ರ ಬಹಳ ಹೊತ್ತು ಕೈ ಹಿಡಿದಳು. ಅಂಗೈ ತಿರುಗಿಸಿ ಉಗುರು ನೋಡಿದಳು, ಬಳೆ ನೋಡಿದಳು.

"ಇದು ಕೊಡಿ. ಇದ್ರಲ್ಲಿ ನನ್ನ ಕೈ ಗೆರೆ ಕಾಣುತ್ತೆ."

"ಆಂಟಿ, ಇದು ತುಂಬಾ ಪವರ್‌ದು. ಕಣ್ಣಿಗೆ ಹೊಡೆಯುತ್ತೆ, ನೇರ ನೋಡ್ಬೇಡಿ" ಅಂದ ಅಂಗಡಿಯವನು.

"ಹೊಡೀಲಿ ಬಿಡಪ್ಪ" ಅಂದಳು ಸುಶೀಲ.

ಅಂಗಡಿಯವನು ನಕ್ಕ. ನಾನು ಡಬ್ಬದ ಮೇಲಿನ ಅಕ್ಷರ ಓದುವ ಹಾಗೆ ಮಾಡಿ ಮುಖ ತಗ್ಗಿಸಿಕೊಂಡೆ.

ಅದು ತಂಪು ಬಿಳಿಯ, ಫುಲ್ ಸ್ಪೆಕ್ಟ್ರಮ್ ಪ್ಯಾನೆಲ್ಲು. ನಾನು ಓದಿದ ಲೆಕ್ಕದಲ್ಲೂ ಎಲೆಗಿಡಕ್ಕೆ ಅದೇ ಸರಿಯಾಗಿತ್ತು, ಅದು ಬೇರೆ ಮಾತು. ಗಿಡದ ತಲೆಯಿಂದ ಒಂದಡಿ ಮೇಲೆ ತೂಗುಹಾಕಿದೆವು. ಹತ್ತಿರವಾದರೆ ಎಲೆ ಸುಟ್ಟು ಅಂಚು ಒಣಗುತ್ತದೆ, ದೂರವಾದರೆ ಮತ್ತೆ ಓಟ ಶುರು. ಗಿಡ ಬೆಳೆದ ಹಾಗೆ ಸರಪಳಿಯ ಒಂದೊಂದು ಕೊಂಡಿ ಮೇಲೆ ಎತ್ತುವುದು ನನ್ನ ಕೆಲಸ. ಬೆಳಿಗ್ಗೆ ಸ್ನಾನ ಮುಗಿಸಿ ಬಂದು ದೀಪ ಹಾಕುವುದು, ರಾತ್ರಿ ಊಟಕ್ಕೆ ಮುಂಚೆ ಆರಿಸುವುದೂ ನನ್ನದೇ. ಇಡೀ ದಿನ ರಾತ್ರಿ ಉರಿಸಿದರೆ ಬೇಗ ಬೆಳೆಯುವುದಿಲ್ಲವೇ ಅಂತ ಕೇಳಿದ್ದಕ್ಕೆ ಅವಳು ಬೈದಳು. "ನಿಮಗೆ ನಿದ್ದೆ ಬೇಡ್ವಾ? ಅವಕ್ಕೂ ಬೇಕು."

ಆಮೇಲಿನ ಒಂದು ವರ್ಷ ನಮ್ಮ ಮನೆಯ ಒಳ್ಳೆಯ ವರ್ಷ ಅಂತಲೇ ಹೇಳುತ್ತೇನೆ. ಬೆಳಿಗ್ಗೆ ಕಾಫಿ ಲೋಟ ಹಿಡಿದು ದೀಪದ ಪಕ್ಕ ಸ್ಟೂಲಿನ ಮೇಲೆ ಕೂತರೆ ತಿಂಡಿಯ ಹೊತ್ತಿನ ತನಕ ಅವಳು ಏಳುತ್ತಿರಲಿಲ್ಲ. ಅವಳಿಗಾಗ ಉಳಿದಿದ್ದದ್ದು ನಟ್ಟ ನಡುವಿನ ಒಂದು ಚೂರು ನೋಟ, ಕೊಳವೆಯೊಳಗಿಂದ ನೋಡಿದ ಹಾಗೆ. ಆ ಚೂರಿನೊಳಗೆ ಒಂದು ದೊಡ್ಡಪತ್ರೆ ಎಲೆ ಸರಿಯಾಗಿ ಹಿಡಿಸುತ್ತಿತ್ತು. ಎಲೆಯ ಅಂಚಿನ ಹಲ್ಲು, ಮೇಲಿನ ನವಿರು ರೋಮ, ಹಿಂಬದಿಯ ನರ, ಎಲ್ಲ ಒಂದೊಂದಾಗಿ ನೋಡುವಳು. ಬಿಳಿ ಹುಳ ಬಿದ್ದರೆ ನನಗಿಂತ ಮೊದಲು ಅವಳಿಗೇ ಕಾಣುತ್ತಿತ್ತು. ಬಸಳೆ ಎಷ್ಟು ಹಬ್ಬಿತೆಂದರೆ ಬೀದಿಗೆಲ್ಲ ಹಂಚಿದೆವು.

ಆ ವರ್ಷವೇ ಚೈತ್ರಳಿಗೆ ಹೆಣ್ಣು ಮಗುವಾಯಿತು. ಅವಳೂ ಗಂಡನೂ ಇರುವುದು ಬ್ಯಾಡರಹಳ್ಳಿಯಲ್ಲೇ, ಅಮ್ಮನ ತವರಿನ ಹೊಲ ಇದ್ದ ದಿಕ್ಕಿನಲ್ಲೇ ಒಂದು ಫ್ಲಾಟಿನಲ್ಲಿ. ಬಾಣಂತನಕ್ಕೆ ಇಲ್ಲಿಗೇ ಬಂದಳು. ಆಸ್ಪತ್ರೆಯಿಂದ ಬಂದ ದಿನ ಮಗುವನ್ನು ತೊಡೆಯ ಮೇಲಿಟ್ಟರೆ ಸುಶೀಲ ಮಗುವಿನ ಮೈ ಪೂರ್ತಿ ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ, "ಇಲ್ಲಿ ಏನೂ ಸರಿಯಾಗಿ ಕಾಣ್ತಿಲ್ಲ. ಲೈಟ್ ಹತ್ರ ಕರ್ಕೊಂಡು ಬಾರೇ" ಅಂದಳು.

"ಅಮ್ಮ, ಮಗು ಕಣ್ಣಿಗೆ ಅದು ಜಾಸ್ತಿ ಆಗುತ್ತೆ ಕಣಮ್ಮ."

"ನಿದ್ದೆ ಮಾಡ್ತಿದೆಯಲ್ಲ. ಕಣ್ಣಿಗೆ ಕೈ ಅಡ್ಡ ಹಿಡಿ."

ಚೈತ್ರ ಮಗುವಿನ ಕಣ್ಣಿನ ಮೇಲೆ ಅಂಗೈ ಮರೆ ಮಾಡಿ ದೀಪದ ಓರೆಗೆ ಕೂತಳು. ಸುಶೀಲ ಬಗ್ಗಿದಳು. ಮೊದಲು ಒಂದು ಕಿವಿ ನೋಡಿದಳು. ಆಮೇಲೆ ಮೂಗು. ಆಮೇಲೆ ಮೇಲ್ದುಟಿ, ಗಲ್ಲ, ಇನ್ನೊಂದು ಕಿವಿ. ಒಂದು ಸಲಕ್ಕೆ ಅವಳ ನೋಟದಲ್ಲಿ ಹಿಡಿಸುತ್ತಿದ್ದದ್ದು ಅಷ್ಟೇ. ನಮ್ಮ ಪ್ರೆಸ್ಸಿನಲ್ಲೂ ಹೀಗೇ, ಮೊದಲು ಬರೀ ಹಳದಿ ಹಾಳೆ, ಆಮೇಲೆ ಅದರ ಮೇಲೆ ಕೆಂಪು, ನೀಲಿ. ಕೊನೆಯ ಇಂಕು ಬೀಳುವ ತನಕ ಅದು ಯಾರ ಮುಖ ಅಂತಲೇ ತಿಳಿಯುತ್ತಿರಲಿಲ್ಲ. ಸುಶೀಲ ಮಗುವಿನ ಮುಖವನ್ನು ಹಾಗೆ ಬಿಡಿಬಿಡಿಯಾಗಿ ಎತ್ತಿ ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಿದ್ದಳು.

"ಕಣ್ಣು ಒಂದು ಬಾಕಿ" ಅಂದಳು.

ನಾನು ಒಂದು ತೆಳ್ಳನೆಯ ಪಂಚೆಯನ್ನು ದೀಪಕ್ಕೆ ಅಡ್ಡ ಹಿಡಿದು ನಿಂತೆ. ಚೈತ್ರ ಕೈ ತೆಗೆದಳು. ನಾವು ಮೂವರೂ ಕಾದೆವು. ಮಗು ಮುಖ ಕಿವುಚಿತು, ಆಕಳಿಸಿತು, ಅರ್ಧ ಕಣ್ಣು ಬಿಟ್ಟಿತು.

"ನಮ್ಮಮ್ಮನ ಕಣ್ಣು" ಅಂದಳು ಸುಶೀಲ. ಆಮೇಲೆ ಎದ್ದು ಒಳಗೆ ಹೋದಳು.

ಆ ಮಗುವಿನ ಮುಖ ಅವಳಿಗೆ ಗೊತ್ತಿರುವುದು ಅಷ್ಟೇ, ಆ ಕೆಲವು ತಿಂಗಳಿನದು. ಹಲ್ಲು ಬಂದ ಮುಖ ಅವಳು ನೋಡಿಲ್ಲ.

ನೋಟ ಹೋದದ್ದು ಒಂದು ದಿನದಲ್ಲಲ್ಲ. ಡ್ರಾಪ್ಸ್ ಹಾಕಿದೆವು, ಒಂದು ಆಪರೇಷನ್ನೂ ಆಯಿತು. ಡಾಕ್ಟರಮ್ಮ ತಮ್ಮ ಕೈಲಾದದ್ದೆಲ್ಲ ಮಾಡಿದರು. ಆದರೂ ಆ ನಡುವಿನ ಚೂರು ಸವೆಯುತ್ತ ಸವೆಯುತ್ತ ಹೋಯಿತು. ಮೊದಲು ಎಲೆಯ ರೋಮ ಹೋಯಿತು, ಆಮೇಲೆ ಅಂಚು, ಆಮೇಲೆ ಎಲೆಯೇ. ಕಡೆಗೆ ಉಳಿದದ್ದು ಬೆಳಕು ಇದೆ, ಇಲ್ಲ ಅನ್ನುವಷ್ಟು. ಆಗಲೂ ಅವಳು ಬೆಳಿಗ್ಗೆ ಬಂದು ಸ್ಟೂಲಿನ ಮೇಲೆ ಕೂತು ದೀಪದ ಕಡೆಗೆ ಮುಖವೆತ್ತುತ್ತಿದ್ದಳು, ಚಳಿಗಾಲದಲ್ಲಿ ಜನ ಬಿಸಿಲಿಗೆ ಕೂರುವ ಹಾಗೆ.

ಒಂದು ಬೆಳಿಗ್ಗೆ ನಾನು ಎಂದಿನ ಹಾಗೆ ದೀಪ ಹಾಕಿ ಪೇಪರ್ ಹಿಡಿದು ಕೂತಿದ್ದೆ. ಅವಳು ಕಾಫಿ ಲೋಟ ಹಿಡಿದು, ಗೋಡೆ ತಡವುತ್ತ ಬಂದು ಕೂತಳು. ದೀಪದ ಬೆಳಕು ಅವಳ ಮುಖದ ಮೇಲೆ ಪೂರ್ತಿ ಬಿದ್ದಿತ್ತು, ಹಣೆಯ ಕುಂಕುಮದ ಪುಡಿ ಕೂಡ ಎಣಿಸಬಹುದಾಗಿತ್ತು.

"ರೀ, ಇವತ್ತು ಲೈಟ್ ಹಾಕಲ್ವಾ?" ಅಂದಳು.

ಏನು ಹೇಳಲಿ? ನೀವಾಗಿದ್ದರೆ ಏನು ಹೇಳುತ್ತಿದ್ದಿರೋ ಗೊತ್ತಿಲ್ಲ. ನಾನು ಎದ್ದು ಹೋಗಿ ಸ್ವಿಚ್ ಆರಿಸಿದೆ, ಮತ್ತೆ ಹಾಕಿದೆ.

"ಈಗ?"

ಅವಳು ಮುಖವೆತ್ತಿದಳು. "ಹೂಂ, ಬಂತು" ಅಂದಳು.

ದೇವರೇ, ಕಂಡಿತಲ್ಲ ಅಂದುಕೊಂಡೆ. ಎಲ್ಲೋ ಒಂದು ಗಳಿಗೆ ಮಂಕಾಗಿತ್ತೇನೋ, ಅಷ್ಟೇ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮಾರನೆಯ ದಿನವೂ ಅವಳು ಹಾಗೇ ಕೇಳಿದಳು, ನಾನು ಹಾಗೇ ಮಾಡಿದೆ, ಅವಳು ಹಾಗೇ "ಬಂತು" ಅಂದಳು. ಅದೊಂದು ವಾಡಿಕೆಯೇ ಆಗಿಹೋಯಿತು. ಚೈತ್ರ ಫೋನಿನಲ್ಲಿ ಕೇಳಿದರೆ "ಬೆಳಕು ಗೊತ್ತಾಗುತ್ತೆ ಅವಳಿಗೆ" ಅನ್ನುತ್ತಿದ್ದೆ.

ಹೀಗಿರುವಾಗ ಒಂದು ದಿನ ಅವಳು ಕೇಳಿದಳು, ನಾನು ಸ್ವಿಚ್ ಒತ್ತಿದೆ, ದೀಪ ಆರಿತು. ಮತ್ತೆ ಒತ್ತಿದೆ. ದೀಪ ಹತ್ತಲಿಲ್ಲ. ಆ ಗಳಿಗೆಗೆ ಸರಿಯಾಗಿ ಕರೆಂಟು ಹೋಗಿತ್ತು. ಹಾಲಿನಲ್ಲಿ ಮಂಕು. ನಾನು ಬಾಯಿ ತೆರೆಯುವುದಕ್ಕೆ ಮುಂಚೆ ಅವಳು, "ಹೂಂ, ಬಂತು" ಅಂದಳು.

ತಲೆಯ ಮೇಲೆ ಫ್ಯಾನು ನಿಧಾನವಾಗುತ್ತ, ಕಿರಗುಟ್ಟುತ್ತ ನಿಂತಿತು. ಅವಳು ಆ ಸದ್ದು ಕೇಳಿಸಿಕೊಂಡಳು. ಲೋಟವನ್ನು ನೆಲಕ್ಕಿಟ್ಟಳು.

"ಕರೆಂಟ್ ಇಲ್ಲ ಅಲ್ವಾ?"

"ಇಲ್ಲ."

ಸ್ಟೂಲಿನ ಹತ್ತಿರ ಬಂದು ಕೇಳಿದೆ, "ಯಾವಾಗಿಂದ ಸುಶೀಲಾ?"

"ನೀವು ಮೊದಲನೇ ಸಲ ಆರಿಸಿ ಹಾಕಿದ್ರಲ್ಲ, ಅವತ್ತಿಂದ."

"ನಾನು ಆರಿಸಿ ಹಾಕಿದ್ದು ಗೊತ್ತಾಯ್ತಾ?"

"ಹೊಸದಾಗಿ ಹಾಕಿದ್ರೆ ಒಂದು ಸಲ ಟಕ್ ಅನ್ಬೇಕು. ಎರಡು ಸಲ ಅಂತು. ಲೈಟ್ ಮೊದಲೇ ಉರೀತಿತ್ತು ಅಂತ ಆಗಲೇ ತಿಳೀತು." ಅವಳ ದನಿಯಲ್ಲಿ ಕೋಪವಿರಲಿಲ್ಲ. "ನೀವು ಅಷ್ಟು ಕಷ್ಟಪಟ್ಟು ಎದ್ದು ಹೋಗಿ ಹಾಕಿದ್ರಿ. ಬರಲಿಲ್ಲ ಅಂತ ಹೇಗೆ ಹೇಳ್ಲಿ?"

ಅವಳು ಅತ್ತದ್ದನ್ನು ನಾನು ನೋಡಿದ್ದು ಕಡಿಮೆ. ಆವತ್ತು ಅತ್ತಳು. ಕರೆಂಟು ಬಂದು, ಫ್ಯಾನು ತಿರುಗಿ, ದೀಪ ತಾನಾಗಿಯೇ ಹತ್ತಿ ಅವಳ ಒದ್ದೆ ಮುಖದ ಮೇಲೆ ಬಿತ್ತು. ಬಂತು ಅಂತ ನಾನೂ ಹೇಳಲಿಲ್ಲ, ಅವಳೂ ಹೇಳಲಿಲ್ಲ.

ಆಮೇಲೆ ಅವಳು ಗಿಡಗಳ ಹತ್ತಿರ ಬರುವುದನ್ನೇ ಬಿಟ್ಟಳು. ಬೆಡ್‌ರೂಮಿನಲ್ಲಿ ಗೋಡೆಗೆ ಒರಗಿ ಕೂತಿರುವಳು. ರೇಡಿಯೋ ಹಾಕಿದರೆ ಆರಿಸಿ ಅನ್ನುವಳು, ಗಿಡಗಳನ್ನು ಎತ್ತಿ ಹೊರಗೆ ಹಾಕಿ ಅನ್ನುವಳು. ನಾನು ಅವಳಿಗೆ ತಿಳಿಯದ ಹಾಗೆ ಗಿಡಗಳಿಗೆ ನೀರು ಹಾಕುತ್ತಿದ್ದೆ. ಒಂದು ದಿನ ಬಚ್ಚಲಿಗೆ ಹೋಗುವಾಗ ಅವಳ ಕೈ ಒದ್ದೆ ಕುಂಡಕ್ಕೆ ತಾಗಿತು.

"ಯಾರಿಗೋಸ್ಕರ ಬೆಳಸ್ತಿದೀರಾ ಇವನ್ನ?" ಅಂತ ಕಿರುಚಿದಳು. "ಎತ್ತಿ ಹೊರಗೆ ಹಾಕಿ ಅಂದ್ರೆ ಕೇಳಲ್ಲ. ನನ್ನ ಅಣಕಿಸೋಕೆ ಇಟ್ಕೊಂಡಿದೀರಾ?"

ಆದರೂ ನಾನು ಹೊರಗೆ ಹಾಕಲಿಲ್ಲ. ಅದು ಹಠವಲ್ಲ, ಬೇರೇನು ಮಾಡಬೇಕೋ ತಿಳಿಯಲಿಲ್ಲ, ಅಷ್ಟೇ. ಬೆಳಿಗ್ಗೆ ದೀಪ ಹಾಕುತ್ತಿದ್ದೆ, ರಾತ್ರಿ ಆರಿಸುತ್ತಿದ್ದೆ.

ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಚೈತ್ರಳ ಮಗಳು ಬಂದಿದ್ದಳು, ಆಗ ತಾನೇ ನಡೆಯಲು ಕಲಿತಿದ್ದಳು. ನಾನು ನೋಡುವಷ್ಟರಲ್ಲಿ ದೊಡ್ಡಪತ್ರೆಯ ಒಂದು ಕೊಂಬೆ ಕಿತ್ತು, ತಪ್ಪುಹೆಜ್ಜೆ ಹಾಕುತ್ತ ಬೆಡ್‌ರೂಮಿಗೆ ಹೋಗಿ, ಅಜ್ಜಿಯ ಮಡಿಲಿಗೆ ಹಾಕಿಬಿಟ್ಟಳು. ಈಗೇನಾಗುತ್ತದೋ ಅಂತ ನಾನು ಬಾಗಿಲಲ್ಲೇ ನಿಂತೆ. ಸುಶೀಲ ಕೊಂಬೆಯನ್ನು ಎತ್ತಿದಳು. ಕಾಂಡದ ಮೇಲೆ ಬೆರಳು ಸರಿಸಿದಳು, ಒಂದು ಗಿಣ್ಣು, ಇನ್ನೊಂದು, ಮತ್ತೊಂದು. ಎಲೆ ಹಿಡಿದು ದಪ್ಪ ನೋಡಿದಳು.

"ಹತ್ರ ಹತ್ರ ಇದೆ" ಅಂದಳು, ಯಾರಿಗೆ ಅಂತ ಇಲ್ಲದೆ. ಆಮೇಲೆ ನನ್ನ ಕಡೆಗೆ, "ಲೈಟ್ ಒಂದು ಕೊಂಡಿ ಮೇಲೆತ್ತಿದ್ರಾ?"

"ಎತ್ತಿದೀನಿ."

"ಬಣ್ಣ ಹೇಗಿದೆ?"

ನಾನು ತಡವರಿಸಿದೆ. ಜೀವಮಾನವಿಡೀ ಬಣ್ಣ ನೋಡಿದವನಿಗೆ ಬಣ್ಣ ಹೇಳಲು ಬರಲಿಲ್ಲ. "ಹಳದಿ ಜಾಸ್ತಿ, ನೀಲಿ ಕಮ್ಮಿ…"

"ನಂಗೆ ನಿಮ್ಮ ಇಂಕಿನ ಲೆಕ್ಕ ಬೇಡ. ಏನ್ ಥರ ಇದೆ ಹೇಳಿ."

ಯೋಚಿಸಿ ಹೇಳಿದೆ, "ಹುಣಸೆ ಚಿಗುರು ಬರುತ್ತಲ್ಲ, ಅದು ಸ್ವಲ್ಪ ಬಲಿತ ಮೇಲೆ ಇರೋ ಥರ."

ಅವಳು ಎಲೆಯನ್ನು ಮೂಗಿಗೆ ಹಿಡಿದಳು. "ಹಾಗಾದ್ರೆ ಚೆನ್ನಾಗಿದೆ" ಅಂದಳು.

ಅವಳು ಮೊದಲಿನ ಸುಶೀಲ ಆದಳು ಅಂತ ಹೇಳಿದರೆ ಸುಳ್ಳಾಗುತ್ತದೆ. ಈಗಲೂ ಕೆಲವು ದಿನ ಹಾಸಿಗೆ ಬಿಟ್ಟು ಏಳುವುದಿಲ್ಲ. ಏಳುವ ದಿನ ಸ್ಟೂಲಿನ ಮೇಲೆ ಬಂದು ಕೂತು ಗಿಡಗಳ ಮೇಲೆ ಕೈಯಾಡಿಸುತ್ತಾಳೆ, ಕದಿರು ಚಿವುಟುತ್ತಾಳೆ, ಬಣ್ಣ ಕೇಳುತ್ತಾಳೆ. ಇವತ್ತು ಎದ್ದಿದ್ದಳು. ತುಳಸಿಯ ಬಣ್ಣ ಹೇಳಿ ಮುಗಿಸಿ ಪೇಪರ್ ಎತ್ತಿಕೊಂಡೆ. ಇದ್ದಕ್ಕಿದ್ದ ಹಾಗೆ ಕೇಳಿದಳು:

"ರೀ, ನೀವು ಈಗ ಹೇಗೆ ಕಾಣ್ತೀರಾ?"

"ಹಾಗೇ ಇದೀನಿ" ಅಂದೆ.

"ಹತ್ರ ಬನ್ನಿ."

ಹತ್ತಿರ ಹೋಗಿ ಸ್ಟೂಲಿನ ಪಕ್ಕ ನೆಲದ ಮೇಲೆ ಕೂತೆ, ಮಂಡಿ ಕಟಕಟ ಅಂದಿತು. ಅವಳು ಮಣ್ಣಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ನನ್ನ ಮುಖದ ಮೇಲಿಟ್ಟಳು. ಹಣೆ, ಹುಬ್ಬು, ಒಳಗೆ ಹೋದ ಕೆನ್ನೆ, ಎರಡು ದಿನದ ಗಡ್ಡ. ನಿಧಾನವಾಗಿ, ಒಂದನ್ನೂ ಬಿಡದೆ ಮುಟ್ಟಿದಳು.

"ಸುಳ್ಳು" ಅಂದಳು. "ಸೊರಗಿ ಹೋಗಿದೀರ. ನಾನಿಲ್ಲಿ ಕೂತ್ಕೊಂಡು ಎಲೆ ಬಣ್ಣ ಕೇಳ್ತಿದೀನಿ."

ಆಮೇಲೆ ನನ್ನ ಹೆಗಲ ಮೇಲೆ ಭಾರ ಬಿಟ್ಟು ಎದ್ದಳು, ಗೋಡೆ ತಡವಿಕೊಂಡು ಅಡಿಗೆಮನೆಗೆ ಹೋದಳು. ಬಹಳ ದಿನಗಳ ಮೇಲೆ ಅವಳೇ ಒಲೆಯ ಹತ್ತಿರ ನಿಂತು, ಉಪ್ಪಿಟ್ಟಿನ ಬಾಣಲೆ ಎಲ್ಲಿಟ್ಟಿದ್ದೀರಿ ಅಂತ ನನ್ನನ್ನು ಕೂಗಿದಳು.